ಒಳಗಿನ ಎತ್ತರದ ಕಿಟಕಿ ಕ್ಲೀನ್ ಮಾಡಿಸುವ ಮೊದಲು ಅವರು ತಂದ ಏಣಿ, ಬ್ಲೇಡು, ಬಾಟಲಿ ನೋಡಿ

ಮನೆಯಲ್ಲಿ ಎರಡು ಮಹಡಿ ಎತ್ತರಕ್ಕೆ ಗಾಜು ಹಾಕಿಸಿದವರು, ಮೆಟ್ಟಿಲ ಮೇಲೆ ಕೈಗೆಟುಕದ ಕಿಟಕಿ ಇರುವವರು, ಆಫೀಸಿನ ಲಾಬಿ ನೋಡಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಕ್ಲೀನಿಂಗ್‌ನವರನ್ನು ಕರೆಸಿದ್ದು ಧೂಳು, ಜೇಡರ ಬಲೆ ಮತ್ತು ಒಂದಿಷ್ಟು ಬಿಳಿ ಕಲೆ ತೆಗೆಸೋಕೆ. ಅವರು ಹೋಗುವಷ್ಟರಲ್ಲಿ ಎರಡು ದೊಡ್ಡ ಗಾಜು ಹಾಳಾಗಿದ್ದವು, ಮಾರ್ಬಲ್ ಮೆಟ್ಟಿಲಿನ ಹೊಳಪು ಹೋಗಿತ್ತು. ಎಲ್ಲಕ್ಕಿಂತ ಬೇಸರದ ವಿಷಯ ಅಂದ್ರೆ, ಕೆಲಸಕ್ಕೆ ಬಂದಿದ್ದ ಹುಡುಗ ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ.

ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಅವರೊಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಕರೆದರೆ ಸರಿಹೋಗುತ್ತೆ ಅನ್ನುವ ವಿಷಯ ಇದಲ್ಲ. ಇದೇ ತರ ಕೆಲಸ ಮಾಡುವವರು ತುಂಬಾ ಜನ ಇದ್ದಾರೆ. ಅವರು ಏನು ತಂದಿದ್ದಾರೆ, ಹೇಗೆ ಹತ್ತುತ್ತಾರೆ ಅನ್ನುವುದನ್ನು ನೋಡಿದರೆ ಗೊತ್ತಾಗುತ್ತದೆ.

ಫೋನಿನಲ್ಲಿ ಮಾತಾಡಿದಾಗಲೇ ಎತ್ತರ ಹೇಳಿದ್ದೆ, ಫೋಟೋ ಕಳಿಸಿದ್ದೆ, ಕಿಟಕಿ ಇರುವುದು ಮೆಟ್ಟಿಲು ತಿರುಗುವ ಲ್ಯಾಂಡಿಂಗ್ ಮೇಲೆ ಅಂತಲೂ ಬರೆದಿದ್ದೆ. "ಎಲ್ಲಾ ಸಾಮಾನು ನಮ್ಮ ಹತ್ರನೇ ಇದೆ ಮೇಡಂ, ಒಳಗಡೆ ಕೆಲಸ ತಾನೇ, ಏನೂ ರಿಸ್ಕ್ ಇಲ್ಲ" ಅಂದರು. ಈ ಮಾತು ಕೇಳಿದ ಕೂಡಲೇ ಎಚ್ಚರ ಆಗಿ. ಹೊರಗಡೆ ಗೋಡೆಯ ಮೇಲೆ ಕೆಲಸ ಅಂದ್ರೆ ಹಗ್ಗ, ಬೆಲ್ಟ್, ಹೆಲ್ಮೆಟ್ ಅಂತ ಯಾರಾದರೂ ಒಬ್ಬರು ಯೋಚನೆ ಮಾಡುತ್ತಾರೆ. ಒಳಗಡೆ ಅಂದ್ರೆ ಯಾರೂ ಮಾಡುವುದಿಲ್ಲ. ಆದರೆ ಒಳಗಿನ ನೆಲ ನುಣುಪು, ಅದರ ಮೇಲೆ ಎರಡು ಹನಿ ಸೋಪಿನ ನೀರು ಬಿದ್ದರೆ ಏಣಿಯ ಕಾಲು ನಿಲ್ಲುವುದೇ ಇಲ್ಲ. ಬಿದ್ದರೆ ಕೆಳಗೆ ಮೆಟ್ಟಿಲ ಅಂಚು, ರೇಲಿಂಗ್, ಮೇಜಿನ ಮೂಲೆ. ಹತ್ತಿರದಲ್ಲೇ ದೀಪದ ವೈರು, ಸ್ವಿಚ್ ಬೋರ್ಡು.

ಬಂದವರು ಇಬ್ಬರು. ಒಬ್ಬರು ವಯಸ್ಸಾದ ಮೇಸ್ತ್ರಿ, ಇನ್ನೊಬ್ಬ ಇಪ್ಪತ್ತರ ಆಸುಪಾಸಿನ ಹುಡುಗ. ಒಂದು ಅಲ್ಯೂಮಿನಿಯಂ ಏಣಿ, ಬಕೆಟ್, ಹಳೇ ಬಟ್ಟೆ, ಪೇಂಟ್ ಕೆರೆಯುವ ಅಗಲದ ಬ್ಲೇಡು, ಚೀಟಿ ಕಿತ್ತುಹೋದ ಒಂದು ಬಾಟಲಿ ತಂದಿದ್ದರು. ಇಷ್ಟೇ. ಉದ್ದ ಕೋಲು ಎಲ್ಲಿ ಅಂತ ಕೇಳಿದೆ. "ಕೋಲಲ್ಲಿ ಸರಿಯಾಗಿ ಆಗಲ್ಲ ಮೇಡಂ, ಕೈಯಲ್ಲಿ ಒರೆಸಿದ್ರೇನೇ ನೀಟು" ಅಂದರು ಮೇಸ್ತ್ರಿ. ಇದು ಸುಳ್ಳು. ಯಾಕೆ ಅಂತ ಮುಂದೆ ಬರೆಯುತ್ತೇನೆ.

ಮೊದಲು ಬ್ಲೇಡಿನ ಕಥೆ. ಛಾವಣಿಗೆ ಪೇಂಟ್ ಮಾಡಿದಾಗ ಸಿಡಿದ ಸಣ್ಣ ಸಣ್ಣ ಚುಕ್ಕೆಗಳು ಗಾಜಿನ ಮೇಲಿದ್ದವು. ಲ್ಯಾಂಡಿಂಗ್‌ನಿಂದ ಕೈಗೆಟುಕುವ ಎರಡು ಗಾಜುಗಳ ಮೇಲೆ ಮೇಸ್ತ್ರಿ ಸೀದಾ ಬ್ಲೇಡ್ ಇಟ್ಟು ಕೆರೆಯತೊಡಗಿದರು. ಗಾಜು ಅರೆಬರೆ ಒಣಗಿತ್ತು. ಬ್ಲೇಡ್ ಮೇಲೆ ಹೋಗುವಾಗ ಒಂದು ಸದ್ದು, ಕೆಳಗೆ ಬರುವಾಗ ಮರಳು ಕಾಗದದಿಂದ ಉಜ್ಜಿದ ಹಾಗೆ ಇನ್ನೊಂದು ಸದ್ದು. ನಿಲ್ಲಿಸಿ ಅಂದೆ. "ಗಾಜಿಗೆ ಏನಾಗುತ್ತೆ ಮೇಡಂ, ಗಾಜು ಕಬ್ಬಿಣಕ್ಕಿಂತ ಗಟ್ಟಿ" ಅಂದು ಮುಂದುವರಿಸಿದರು. ಆಗ ಏನೂ ಕಾಣಲಿಲ್ಲ. ಸಂಜೆ ಬಿಸಿಲು ಅಡ್ಡಕ್ಕೆ ಬಿದ್ದಾಗ ಎರಡೂ ಗಾಜಿನ ತುಂಬಾ ಕೂದಲೆಳೆಯಷ್ಟು ಸಣ್ಣ ಗೀರುಗಳು ಎದ್ದು ಕಂಡವು. ಎಲ್ಲವೂ ಒಂದೇ ದಿಕ್ಕಿಗೆ, ಸರಿಯಾಗಿ ಬ್ಲೇಡಿನ ಅಗಲಕ್ಕೆ ಪಟ್ಟಿ ಪಟ್ಟಿಯಾಗಿದ್ದವು.

ಇದು ಯಾಕೆ ಆಗುತ್ತದೆ ಅಂತ ಗೊತ್ತಿರಲಿ. ಎತ್ತರದ ಕಿಟಕಿಗೆ, ಮೆಟ್ಟಿಲ ಪಕ್ಕಕ್ಕೆ ಸಾಮಾನ್ಯವಾಗಿ ಟಫನ್ಡ್ ಗಾಜು, ಅಂದರೆ ಕಾಯಿಸಿ ಬಲಪಡಿಸಿದ ಗಾಜು ಹಾಕುತ್ತಾರೆ. ಅದನ್ನು 600 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಕಾಯಿಸಿ, ತಕ್ಷಣ ತಣ್ಣನೆ ಗಾಳಿ ಊದಿ ತಣಿಸುತ್ತಾರೆ. ಕುಲುಮೆಯಲ್ಲಿ ಗಾಜು ರೋಲರ್‌ಗಳ ಮೇಲೆ ಸಾಗುವಾಗ, ಕತ್ತರಿಸಿದ ಗಾಜಿನ ಪುಡಿ ಸರಿಯಾಗಿ ತೊಳೆದು ಹೋಗದಿದ್ದರೆ ಆ ಕಣಗಳು ಮೈಗೆ ಅಂಟಿಕೊಂಡು ಬೆಸೆದುಬಿಡುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಅಷ್ಟಾಗಿ ಸಿಗುವುದಿಲ್ಲ. ಬ್ಲೇಡ್ ಬಂದು ಅದನ್ನು ಕಿತ್ತಾಗ ಆ ಕಣ ಬ್ಲೇಡಿನ ಅಡಿ ಸಿಕ್ಕಿ ಗಾಜಿನ ಉದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ಗೀರುವುದು ಕಬ್ಬಿಣ ಅಲ್ಲ, ಗಾಜೇ ಗಾಜನ್ನು ಗೀರುತ್ತದೆ. ಬ್ಲೇಡನ್ನು ಎತ್ತದೆ ಹಿಂದೆ ಮುಂದೆ ಓಡಿಸಿದರೆ ಇನ್ನೂ ಕೆಟ್ಟದ್ದು. ಕೆರೆದ ಪುಡಿ ಎಲ್ಲಾ ಅಡಿಯಲ್ಲೇ ಉಳಿಯುತ್ತದೆ.

ಆ ಗೀರನ್ನು ಪಾಲಿಶ್ ಮಾಡಿ ತೆಗೆಯಬಹುದು ಅಂತ ಯಾರಾದರೂ ಹೇಳಿದರೆ ಬೇಗ ಒಪ್ಪಬೇಡಿ. ಆಳದ ಗೀರು ಹೋಗಬೇಕಾದರೆ ಸುತ್ತಲಿನ ಗಾಜನ್ನೂ ಅರೆಯಬೇಕು, ಆಮೇಲೆ ಆ ಜಾಗದಲ್ಲಿ ಹೊರಗಿನ ನೋಟ ಅಲೆ ಅಲೆಯಾಗಿ ಕಾಣುತ್ತದೆ. ಟಫನ್ಡ್ ಗಾಜಿನ ಬಲ ಇರುವುದೇ ಅದರ ಮೇಲ್ಮೈಯ ಒತ್ತಡದಲ್ಲಿ, ಅದನ್ನೇ ಅರೆದು ತೆಳ್ಳಗೆ ಮಾಡುವುದು ಯಾಕೆ? ನಿಮ್ಮ ಗಾಜಿನ ಮೂಲೆಯಲ್ಲಿ ಟಫನ್ಡ್ ಅಂತ ತಿಳಿಸುವ ಅಳಿಸಲಾಗದ ಸಣ್ಣ ಮುದ್ರೆ ಇದೆಯಾ ನೋಡಿ. ಇದ್ದರೆ ಬ್ಲೇಡನ್ನು ಹತ್ತಿರ ಬಿಡಬೇಡಿ. ಪೇಂಟ್ ಚುಕ್ಕೆಯನ್ನು ಸೋಪಿನ ನೀರಲ್ಲಿ ಚೆನ್ನಾಗಿ ನೆನೆಸಿ, ಮೆತ್ತನೆಯ ಬಿಳಿ ನೈಲಾನ್ ಪ್ಯಾಡಿನಿಂದ ನಿಧಾನಕ್ಕೆ ಉಜ್ಜಿದರೆ ಬಹಳಷ್ಟು ಬಿಟ್ಟುಕೊಳ್ಳುತ್ತದೆ. ಸ್ವಲ್ಪ ತಾಳ್ಮೆ ಬೇಕು ಅಷ್ಟೇ.

ಇನ್ನು ಆ ಬಾಟಲಿ. ಚೌಕಟ್ಟಿನ ಸಂದಿಯಿಂದ ಮಳೆನೀರು ಇಳಿದು ಗಾಜಿನ ಕೆಳಗೆ ಬಿಳಿ ಕಲೆ ಕಟ್ಟಿತ್ತು. ಗೋಡೆಯ ಸಿಮೆಂಟಿನಿಂದ ಆ ನೀರು ಹೊತ್ತು ತಂದ ಕ್ಯಾಲ್ಸಿಯಂ ಅದು. ಹುಡುಗ ಬಾಟಲಿಯಿಂದ ಬಟ್ಟೆಗೆ ಸುರಿದುಕೊಂಡು ಬರಿಗೈಯಲ್ಲೇ ಉಜ್ಜಲು ಶುರು ಮಾಡಿದ. ಕಲೆ ಹೋಯಿತು ನಿಜ. ಆದರೆ ಬಟ್ಟೆಯಿಂದ ತೊಟ್ಟಿಕ್ಕಿದ ಹನಿಗಳು ಮಾರ್ಬಲ್ ಮೇಲೆ ಬಿದ್ದವು, ಬಿದ್ದ ಕಡೆ ಸಣ್ಣಗೆ ನೊರೆ ಎದ್ದಿತು. ತಕ್ಷಣ ನೀರು ಹಾಕಿ ಒರೆಸಿದೆ. ಒರೆಸಿದ ಮೇಲೂ ದುಂಡಗಿನ ಮಂಕು ಗುರುತುಗಳು ಹಾಗೇ ಉಳಿದವು. ಮಾರ್ಬಲ್ ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್. ಯಾವ ಆಸಿಡ್ ಬಿದ್ದರೂ ಅದು ಕರಗುತ್ತದೆ, ವಿನೆಗರ್‌ಗೂ ಕರಗುತ್ತದೆ. ಅದು ಕಲೆ ಅಲ್ಲ, ಕಲ್ಲೇ ತಿಂದುಹೋಗಿರುತ್ತದೆ. ಎಷ್ಟು ಉಜ್ಜಿದರೂ ಪ್ರಯೋಜನ ಇಲ್ಲ, ಮತ್ತೆ ಪಾಲಿಶ್ ಹಿಡಿಸಬೇಕು.

ನೆಲದ ವಿಷಯ ಬಿಡಿ, ಚೀಟಿ ಇಲ್ಲದ ಬಾಟಲಿ ಮನುಷ್ಯರಿಗೇ ಅಪಾಯ. ಗಾಜಿನ ಕಲೆ, ತುಕ್ಕು ತೆಗೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ, ಇಲ್ಲವೇ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಅದು ಗಾಜನ್ನೇ ತಿನ್ನುವ ಆಸಿಡ್. ತೆಳುವಾಗಿದ್ದರೆ ಚರ್ಮಕ್ಕೆ ತಾಗಿದಾಗ ಆಗಲೇ ಉರಿಯದೆ, ಗಂಟೆಗಳಾದ ಮೇಲೆ ನೋವು ಶುರುವಾಗಬಹುದು. ಅಷ್ಟರಲ್ಲಿ ಒಳಗೆ ಇಳಿದು ದೇಹದ ಕ್ಯಾಲ್ಸಿಯಂ ಜೊತೆ ಸೇರಿಕೊಳ್ಳುತ್ತದೆ. ಜಾಸ್ತಿ ಆದರೆ ಹೃದಯಕ್ಕೂ ಕುತ್ತು. ಅಂಥದ್ದು ತಾಗಿದ್ದರೆ ತುಂಬಾ ನೀರಲ್ಲಿ ತೊಳೆದು ಸೀದಾ ಆಸ್ಪತ್ರೆಗೆ ಹೋಗಬೇಕು, ಯಾವ ಆಸಿಡ್ ಅಂತ ಡಾಕ್ಟರಿಗೆ ಹೇಳಬೇಕು. ಅದಕ್ಕೆ ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಹಚ್ಚುತ್ತಾರೆ. ಚೀಟಿ ಇಲ್ಲದಿದ್ದರೆ ಡಾಕ್ಟರಿಗೆ ಏನಂತ ಹೇಳೋದು? ಆ ಹುಡುಗನ ಕೈ ನಾನೇ ನಲ್ಲಿ ಕೆಳಗೆ ಹಿಡಿಸಿ ತೊಳೆಸಿದೆ. "ದಿನಾ ಇದೇ ಕೆಲಸ ಅಕ್ಕಾ, ಏನೂ ಆಗಲ್ಲ" ಅಂದ. ಅವನಿಗೆ ಕೈಗವಸು ಕೊಟ್ಟವರೇ ಇಲ್ಲ. ಇನ್ನೊಂದು ಮಾತು, ಬ್ಲೀಚ್ ಮತ್ತು ಅಮೋನಿಯಾ ಇರುವ ಗ್ಲಾಸ್ ಕ್ಲೀನರನ್ನು ಒಂದೇ ಬಕೆಟ್‌ಗೆ ಹಾಕುವವರೂ ಇದ್ದಾರೆ. ಅದರಿಂದ ಏಳುವ ಕ್ಲೋರಮಿನ್ ಗಾಳಿ ಶ್ವಾಸಕೋಶಕ್ಕೆ ವಿಷ.

ಮೇಲಿನ ಗಾಜುಗಳ ಸರದಿ ಬಂತು. ಏಣಿಯ ಒಂದು ಕಾಲು ಲ್ಯಾಂಡಿಂಗ್ ಮೇಲೆ, ಇನ್ನೊಂದು ಕಾಲು ಒಂದು ಮೆಟ್ಟಿಲು ಕೆಳಗೆ. ಎತ್ತರ ಸರಿ ಮಾಡೋಕೆ ಆ ಕಾಲಿನ ಅಡಿ ಎರಡು ಮರದ ತುಂಡು ಇಟ್ಟರು, ಮಾರ್ಬಲ್ ಗೀರಬಾರದು ಅಂತ ಅದರ ಕೆಳಗೆ ಮಡಚಿದ ಬಟ್ಟೆ. ಅಂದರೆ ಜಾರುವ ನೆಲ, ಅದರ ಮೇಲೆ ಜಾರುವ ಬಟ್ಟೆ, ಅದರ ಮೇಲೆ ಅಲ್ಲಾಡುವ ಮರ, ಅದರ ಮೇಲೆ ಏಣಿ. ಇದು ಬೇಡ, ಇಳಿಸಿ ಅಂತ ಗಟ್ಟಿಯಾಗಿ ಹೇಳಿದೆ. ಹುಡುಗ ಆಗಲೇ ಅರ್ಧ ಹತ್ತಿದ್ದ. "ನಾನು ಹಿಡ್ಕೊಂಡಿದೀನಲ್ಲ" ಅಂದರು ಮೇಸ್ತ್ರಿ. ಹುಡುಗ ಒಂದು ಕೈಯಲ್ಲಿ ಬಕೆಟ್ ಹಿಡಿದು, ಇನ್ನೊಂದು ಕೈಯಲ್ಲಿ ದೂರದ ಮೂಲೆ ಒರೆಸೋಕೆ ಪಕ್ಕಕ್ಕೆ ವಾಲಿದ. ಮರದ ತುಂಡು ಬಟ್ಟೆಯ ಜೊತೆ ಸರಕ್ಕಂತ ಜಾರಿತು. ಏಣಿ ಗೋಡೆಯನ್ನು ಕೆರೆದುಕೊಂಡು ಪಕ್ಕಕ್ಕೆ ಹೋಯಿತು. ಅವನು ಕೈ ಊರಿ ಮೆಟ್ಟಿಲ ಮೇಲೆ ಬಿದ್ದ. ತಲೆ ರೇಲಿಂಗ್‌ಗೆ ಬಡಿಯಲಿಲ್ಲ ಅನ್ನುವುದೊಂದೇ ಸಮಾಧಾನ.

ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾವು. ಸಂಸ್ಥೆಯವರು ಫೋನಿನಲ್ಲಿ ಮೊದಲು ಕೇಳಿದ್ದು "ಕೆಲಸ ಮುಗೀತಾ" ಅಂತ. ಆಮೇಲೆ "ಅವನೇ ಸರಿಯಾಗಿ ನಿಂತಿರಲಿಲ್ಲ" ಅಂದರು. ಇನ್ಶೂರೆನ್ಸ್ ಕೇಳಿದರೆ ಉತ್ತರ ಇಲ್ಲ. ಗೀರಿನ ಬಗ್ಗೆ ಕೇಳಿದರೆ ಅದು ಮುಂಚೆನೇ ಇತ್ತು ಅಂತ ವಾದ. ನನ್ನ ಹತ್ತಿರ ಹಿಂದಿನ ದಿನದ ಫೋಟೋಗಳು ಇದ್ದದ್ದರಿಂದ ಆ ವಾದ ನಿಲ್ಲಲಿಲ್ಲ. ಆದರೂ ದುಡ್ಡು ಇನ್ನೂ ಬಂದಿಲ್ಲ. ನನಗೆ ಗಾಜಿಗಿಂತ ಜಾಸ್ತಿ ಸಿಟ್ಟು ಬಂದದ್ದು ಆ ಹುಡುಗನ ಬಗ್ಗೆ ಅವರು ಆಡಿದ ಮಾತಿಗೆ. ಏಣಿ ಹಾಗೆ ಇಡಿಸಿದ್ದು ಅವನಲ್ಲ, ಸಾಮಾನು ಆರಿಸಿದ್ದು ಅವನಲ್ಲ.

ಒರಗಿಸುವ ಏಣಿಗೆ ಎಲ್ಲ ಕಡೆ ಒಪ್ಪಿದ ಒಂದು ಲೆಕ್ಕ ಇದೆ. 4 ಅಡಿ ಎತ್ತರಕ್ಕೆ 1 ಅಡಿ ದೂರ, ಅಂದರೆ ಸುಮಾರು 75 ಡಿಗ್ರಿ ಓರೆ. 12 ಅಡಿ ಮೇಲೆ ಒರಗಿಸಿದರೆ ಬುಡ ಗೋಡೆಯಿಂದ 3 ಅಡಿ ದೂರ, ಎರಡೂ ಕಾಲು ಒಂದೇ ಮಟ್ಟದ ಗಟ್ಟಿ ನೆಲದ ಮೇಲೆ. ಮೆಟ್ಟಿಲಲ್ಲಿ ಇದು ಸಾಧ್ಯನೇ ಇಲ್ಲ. ಒಂದೊಂದು ಕಾಲನ್ನೂ ಬೇರೆ ಬೇರೆ ಉದ್ದಕ್ಕೆ ಹೊಂದಿಸುವ ಏಣಿಗಳು ಸಿಗುತ್ತವೆ, ಅದಿಲ್ಲದೆ ಮೆಟ್ಟಿಲ ಮೇಲೆ ಏಣಿ ಇಡಲು ಬಿಡಬೇಡಿ. ಏಣಿಯನ್ನು ಗಾಜಿಗೆ ಒರಗಿಸಲೂ ಬಿಡಬೇಡಿ.

ನಿಜವಾಗಿ ಹೇಳಬೇಕಂದ್ರೆ ಬಹಳಷ್ಟು ಮನೆಗಳಲ್ಲಿ ಈ ಕೆಲಸಕ್ಕೆ ಏಣಿನೇ ಬೇಡ. ಬ್ರಿಟನ್ನಿನಲ್ಲಿ ಎತ್ತರದ ಕೆಲಸಕ್ಕೆ 2005ರಲ್ಲಿ ಬಂದ ನಿಯಮಗಳು ಮೊದಲು ಕೇಳುವುದೇ ಇದನ್ನು: ಹತ್ತದೆ ಮಾಡೋಕೆ ಆಗುತ್ತಾ? ಆಗುವುದಾದರೆ ಹತ್ತಬೇಡಿ. ಆಮೇಲೆ ಬೇರೆಯವರನ್ನು ಕರೆಸಿದೆ. ಅವರು ಒಂದರೊಳಗೊಂದು ಸೇರುವ ಹಗುರವಾದ ಉದ್ದ ಕೋಲು ತಂದಿದ್ದರು, ತುದಿಯಲ್ಲಿ ಎಲ್ಲ ಕಡೆ ತಿರುಗುವ ಚಪ್ಪಟೆ ಪ್ಯಾಡು. ಮೊದಲು ಒಣ ಬ್ರಷ್‌ನಿಂದ ಚೌಕಟ್ಟಿನ ಧೂಳು, ಬಲೆ ತೆಗೆದರು. ಅದನ್ನು ಬಿಟ್ಟು ಸೀದಾ ನೀರು ಹಾಕಿದರೆ ಧೂಳು ಕೆಸರಾಗಿ ಗೋಡೆ ಮೇಲೆ ಇಳಿಯುತ್ತದೆ. ಕೆಳಗೆಲ್ಲಾ ಹೊದಿಕೆ ಹಾಸಿದರು. ಗಾಜಿಗೆ ನೀರು ಚಿಮುಕಿಸಲಿಲ್ಲ, ಪ್ಯಾಡಿನ ಮೈಕ್ರೋಫೈಬರ್ ಬಟ್ಟೆಗೇ ಸ್ವಲ್ಪ ಚಿಮುಕಿಸಿದರು. ಅದೂ ಖನಿಜ ತೆಗೆದ ನೀರು, ಒಣಗಿದರೆ ಕಲೆ ಉಳಿಯುವುದಿಲ್ಲ. ಒಂದು ಬಟ್ಟೆ ಕೊಳೆಯಾದ ಕೂಡಲೇ ಬದಲಿಸಿ, ಕೊನೆಗೆ ಒಣ ಬಟ್ಟೆ. ಇಬ್ಬರೂ ನೆಲದ ಮೇಲೇ ನಿಂತಿದ್ದರು. ಒಂದು ಹನಿ ಕೆಳಗೆ ಬೀಳಲಿಲ್ಲ. ಬಿಸಿಲು ಬೀಳುವ ಹೊತ್ತಲ್ಲಿ ಬೇಡ, ಗಾಜು ಕಾದಿದ್ದರೆ ಬೇಗ ಒಣಗಿ ಗೆರೆ ನಿಲ್ಲುತ್ತೆ ಅಂತ ಸಮಯ ಹೇಳಿದ್ದೂ ಅವರೇ.

ಕೋಲಿಗೂ ಎಟುಕದಿದ್ದರೆ ಚಕ್ರದ ಟವರ್ ಸ್ಕ್ಯಾಫೋಲ್ಡ್, ಅಂದರೆ ಮೇಲೆ ನಿಂತು ಕೆಲಸ ಮಾಡುವ ಅಟ್ಟಣಿಗೆ ತರಬೇಕು. ಚಕ್ರಗಳಿಗೆ ಬ್ರೇಕ್ ಬಿದ್ದಿರಬೇಕು, ಮೇಲೆ ಸುತ್ತ ಕಂಬಿ ಇರಬೇಕು, ಮೇಲೆ ಜನ ಇರುವಾಗ ತಳ್ಳಬಾರದು.

ಆಫೀಸು, ಅಂಗಡಿ ನೋಡಿಕೊಳ್ಳುವವರಿಗೆ ಒಂದು ಮಾತು. ಕೋಲು ಆಡಿಸುವವರಿಗೆ ಬೆಂಕಿ ಬಿದ್ದಾಗ ನೀರು ಸುರಿಸುವ ಛಾವಣಿಯ ಸ್ಪ್ರಿಂಕ್ಲರ್ ತೋರಿಸಿ. ಅದರಲ್ಲಿರುವ ಕೆಂಪು ದ್ರವದ ಪುಟ್ಟ ಗಾಜಿನ ಕೊಳವೆ 68 ಡಿಗ್ರಿ ಬಿಸಿಗೆ ಒಡೆಯುವ ಹಾಗೆ ಮಾಡಿರುತ್ತಾರೆ, ಕೋಲು ತಗುಲಿದರೂ ಒಡೆಯಬಹುದು. ಒಡೆದರೆ ಅಲ್ಲಿಂದ ನೀರು ಸುರಿಯುತ್ತಲೇ ಇರುತ್ತದೆ, ಆದ್ದರಿಂದ ವಾಲ್ವ್ ಎಲ್ಲಿದೆ ಅಂತ ಗೊತ್ತಿರುವ ಒಬ್ಬರು ಅಲ್ಲೇ ಇರಬೇಕು. ಕೆಲಸದ ಹೊತ್ತಲ್ಲಿ ಕೆಳಗೆ ಜನ ಓಡಾಡದ ಹಾಗೆ ಅಡ್ಡ ಕಟ್ಟಿಸಿ.

ಗಾಜಿಗೆ ಬಣ್ಣದ ಫಿಲ್ಮ್ ಅಂಟಿಸಿದ್ದರೆ ಅಮೋನಿಯಾ ಇರುವ ಕ್ಲೀನರ್ ಬೇಡ, ಬ್ಲೇಡಂತೂ ಬೇಡವೇ ಬೇಡ. ಎರಡು ಪದರದ ಗಾಜಿನ ನಡುವೆ ಮಂಜು ಕಟ್ಟಿದ್ದರೆ ಅದು ಸೀಲ್ ಹೋಗಿರುವ ಗುರುತು. ಅದನ್ನು ಉಜ್ಜಿ ತೆಗೆಯುತ್ತೇವೆ ಅಂತ ಯಾರು ದುಡ್ಡು ಕೇಳಿದರೂ ಕೊಡಬೇಡಿ.

ಗೀರು ಬಿದ್ದ ನನ್ನ ಗಾಜುಗಳನ್ನು ಬದಲಿಸಬೇಕು. ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸೋಕೆ ಆಗುವುದಿಲ್ಲ, ಅಳತೆ ಕೊಟ್ಟು ಹೊಸದಾಗಿ ಮಾಡಿಸಬೇಕು. ಅಳತೆ ತಗೊಳ್ಳೋಕೆ ಬಂದವರಿಗೂ ಮೊದಲು ಕೇಳಿದ್ದು ಹೇಗೆ ಹತ್ತುತ್ತೀರಿ ಅಂತಲೇ. ಅವರು ಟವರ್ ತರುತ್ತೇವೆ, ಅದಕ್ಕೆ ಎರಡು ವಾರ ಕಾಯಬೇಕು ಅಂದರು. ಕಾಯುತ್ತೇನೆ ಅಂದೆ.