ಮ್ಯಾಂಚೆಸ್ಟರಿಗೆ ಹೊರಟವರ ಬಟ್ಟೆ: ಒಣಗುವ ಲೆಕ್ಕದಲ್ಲಿ ಒಂದು ವಿಮರ್ಶೆ

ಬೆಂಗಳೂರಿನಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 980 ಮಿಲಿಮೀಟರ್ ಮಳೆ. ಇಂಗ್ಲೆಂಡಿನ ಮಳೆಯೂರು ಎಂದು ಹೆಸರಾದ ಮ್ಯಾಂಚೆಸ್ಟರಿನಲ್ಲಿ 850ರ ಆಸುಪಾಸು. ಮಂಗಳೂರಿನವರಿಗಂತೂ ಇದು ಜುಲೈ ಒಂದೇ ತಿಂಗಳ ಬಾಬತ್ತು. ಹಾಗಿದ್ದರೂ ನಮ್ಮ ಕಡೆಯಿಂದ ಹೋದವರು ಮೊದಲ ನವೆಂಬರಿನಲ್ಲೇ ಹೈರಾಣಾಗುತ್ತಾರೆ. ಅಲ್ಲಿನ 850 ಮಿಲಿಮೀಟರ್ ಸುಮಾರು 150 ದಿನಗಳಿಗೆ ಹಂಚಿಹೋಗಿರುವುದೇ ಕಾರಣ. ಧೋ ಎಂದು ಸುರಿದು ನಿಲ್ಲುವ ಮಳೆಯಲ್ಲ ಅದು. ಗಾಳಿಯ ಜೊತೆ ಅಡ್ಡಡ್ಡ ಬರುವ ಜಿಟಿಜಿಟಿ. ನಿಂತ ಮೇಲೂ ಬಿಸಿಲು ಬರುವ ಖಾತ್ರಿಯಿಲ್ಲ. ಚಳಿ ಅಂಥ ಭಾರೀ ಏನಲ್ಲ: ಜನವರಿಯ ಹಗಲು 7 ಡಿಗ್ರಿ, ರಾತ್ರಿ 2 ಡಿಗ್ರಿ. ಆದರೆ ಒದ್ದೆ ಬಟ್ಟೆ ಮೈಗಂಟಿದ್ದರೆ 7 ಡಿಗ್ರಿಯೇ ಮೂಳೆಗಿಳಿಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚುರುಕಾಗಿ ಶಾಖ ಎಳೆಯುತ್ತದೆ.

ಹಾಗಾಗಿ ಅಂಗಡಿಯಲ್ಲಿ ಕೇಳಿಕೊಳ್ಳಬೇಕಾದದ್ದು ‘ಇದು ಎಷ್ಟು ಬೆಚ್ಚಗಿದೆ’ ಅಂತಲ್ಲ, ‘ನೆಂದರೆ ಎಷ್ಟು ಹೊತ್ತಿಗೆ ಒಣಗುತ್ತದೆ’ ಅಂತ. ತೀರ್ಥಹಳ್ಳಿ, ಸುಳ್ಯದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆಷಾಢದಲ್ಲಿ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಬಟ್ಟೆ ಹರವಿ, ಹೊಗೆವಾಸನೆಯ ಅಂಗಿಯಲ್ಲೇ ಶಾಲೆಗೆ ಹೋದವರು ಅವರು. ಮ್ಯಾಂಚೆಸ್ಟರಿನ ಬಾಡಿಗೆ ಕೋಣೆಯಲ್ಲಿ ಆ ಒಲೆಯೂ ಇರುವುದಿಲ್ಲ.

ದುಡ್ಡು ಸುರಿಯಬೇಕಾದ ಜಾಗ ಒಂದೇ: ಮಳೆ ಜಾಕೆಟ್. ಕೊರಳಿಗೆ ನೇತುಹಾಕಿದ ಚೀಟಿಯಲ್ಲಿ ‘ಶವರ್‌ಪ್ರೂಫ್’, ‘ವಾಟರ್ ರೆಸಿಸ್ಟೆಂಟ್’, ‘ವಾಟರ್‌ಪ್ರೂಫ್’ ಎಂಬ ಮೂರು ಮಾತು ಕಾಣುತ್ತವೆ. ಮೊದಲೆರಡು ಇದ್ದರೆ ವಾಪಸು ನೇತುಹಾಕಿ. ಹತ್ತು ನಿಮಿಷದ ತುಂತುರಿಗೆ ಭುಜ ನೆನೆಯುತ್ತದೆ. ಮೂರನೆಯದಿದ್ದರೆ ಅದರ ಪಕ್ಕದ ಅಂಕಿ ನೋಡಿ. 5,000 ಎಂದಿದ್ದರೆ, ಬಟ್ಟೆಯ ಮೇಲೆ 5 ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸುವವರೆಗೂ ಹನಿ ಒಳಗೆ ಇಳಿಯುವುದಿಲ್ಲ ಎಂದರ್ಥ. ಮಳೆಹನಿಗೆ ಅಷ್ಟು ಒತ್ತಡವಿಲ್ಲವಲ್ಲ ಎನಿಸಬಹುದು. ನಿಜ, ಆದರೆ ಲ್ಯಾಪ್‌ಟಾಪ್ ತುಂಬಿದ ಬ್ಯಾಗಿನ ಪಟ್ಟಿ ಭುಜವನ್ನು ಒತ್ತುವ ಕಡೆ, ಒದ್ದೆ ಬೆಂಚಿನ ಮೇಲೆ ಕೂತ ಕಡೆ ಒತ್ತಡ ಬೇರೆಯೇ. ಬಸ್ ಸ್ಟಾಪಿಗೆ ಐದು ನಿಮಿಷ ನಡೆಯುವವರಿಗೆ 5,000 ಸಾಕು. ಬ್ಯಾಗು ಹೊತ್ತು ದಿನಾ ಅರ್ಧ ಗಂಟೆ ನಡೆಯುವವರು 10,000ಕ್ಕಿಂತ ಕೆಳಗೆ ಇಳಿಯಬೇಡಿ.

ರೆಗಾಟಾ ಮ್ಯಾಂಚೆಸ್ಟರಿನದೇ ಕಂಪನಿ, 1981ರದ್ದು. ಅದರ ‘ಐಸೊಟೆಕ್ಸ್’ ಬಟ್ಟೆಯ ಜಾಕೆಟ್‌ಗಳಲ್ಲಿ ಈ ಅಂಕಿಯನ್ನು ಹೆಸರಿನಲ್ಲೇ ಬರೆದಿರುತ್ತಾರೆ: ಐಸೊಟೆಕ್ಸ್ 5000, ಐಸೊಟೆಕ್ಸ್ 10000. ಹುಡುಕಾಟ ತಪ್ಪುತ್ತದೆ, ಹೊಸಬರಿಗೆ ಇದೇ ದೊಡ್ಡ ಉಪಕಾರ. ದಿನಬಳಕೆಗೆ ಇದರ 10000 ಸಾಲಿನದು ನಮ್ಮ ಮೊದಲ ಆಯ್ಕೆ. ಡೆಕಾಥ್ಲಾನ್‌ನ ಕೆಚುವಾ ಜಾಕೆಟ್‌ಗಳು ಬೆಂಗಳೂರಿನಲ್ಲೂ ಸಿಗುತ್ತವೆ, ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನಲ್ಲೂ ಸಿಗುತ್ತವೆ. ಸರ್ಜಾಪುರ ರಸ್ತೆಯಲ್ಲೇ ಕೊಳ್ಳುವುದಾದರೆ ಮಡಚಿ ಜೇಬಿಗಿಡುವ ತೆಳು ಜಾಕೆಟ್ ಬಿಟ್ಟು, ಬೆಟ್ಟ ಹತ್ತುವವರ ಸಾಲಿನದನ್ನು ನೋಡಿ. ಒಳಗೊಂದು ಸ್ವೆಟರ್ ಹಾಕಿಕೊಂಡೇ ಅಳತೆ ನೋಡಿ. ಟೀ ಶರ್ಟಿನ ಮೇಲೆ ಸರಿಹೋದದ್ದು ಡಿಸೆಂಬರಿನಲ್ಲಿ ಕಂಕುಳು ಹಿಡಿಯುತ್ತದೆ.

ಅಂಕಿ ಸರಿಯಿದ್ದರೂ ಜಾಕೆಟ್ ಸೋರುವುದು ಹೊಲಿಗೆಯಲ್ಲಿ. ಕೊಳ್ಳುವ ಮೊದಲು ಒಳಹೊರಗು ಮಾಡಿ. ಭುಜ, ಕಂಕುಳು, ಟೋಪಿ ಸೇರುವ ಕಡೆ, ಪ್ರತಿ ಹೊಲಿಗೆಯ ಮೇಲೂ ಬೆರಳಗಲದ ನುಣ್ಣನೆ ಟೇಪು ಅಂಟಿಸಿರಬೇಕು. ಅಸ್ತರು ಹಾಕಿ ಟೇಪು ಕಾಣದಂತಿದ್ದರೆ ಚೀಟಿಯಲ್ಲಿ ‘ಟೇಪ್ಡ್ ಸೀಮ್ಸ್’ ಎಂದಿದೆಯೇ ಓದಿ. ಜಿಪ್ಪಿನ ಮೇಲೆ ಮುಚ್ಚುಪಟ್ಟಿ ಇರಲಿ. ತೋಳಿನ ತುದಿ ವೆಲ್ಕ್ರೋದಿಂದ ಬಿಗಿಯಾಗಲಿ. ಆಮೇಲೆ ಟೋಪಿ ಹಾಕಿ, ದಾರ ಎಳೆದು, ರಸ್ತೆ ದಾಟುವವರಂತೆ ಎಡಕ್ಕೂ ಬಲಕ್ಕೂ ತಿರುಗಿ. ತಲೆ ತಿರುಗಿ ಟೋಪಿ ತಿರುಗದಿದ್ದರೆ ನಿಮಗೆ ಕಾಣುವುದು ಬಸ್ಸಲ್ಲ, ಟೋಪಿಯ ಒಳಬಟ್ಟೆ. ಉದ್ದ ಸೊಂಟಕ್ಕಿಂತ ಒಂದು ಗೇಣು ಕೆಳಗಿರಲಿ. ಗಿಡ್ಡ ಜಾಕೆಟ್ಟಿನ ನೀರೆಲ್ಲ ಪ್ಯಾಂಟಿನ ಮೇಲೇ ಇಳಿಯುತ್ತದೆ. ಬಣ್ಣ ಕಪ್ಪು ಬೇಡ. ಡಿಸೆಂಬರಿನಲ್ಲಿ ಸಂಜೆ ನಾಲ್ಕರೊಳಗೆ ಸೂರ್ಯ ಮುಳುಗಿರುತ್ತದೆ, ಕಪ್ಪು ಜಾಕೆಟ್ಟಿನವರು ಒದ್ದೆ ರಸ್ತೆಯಲ್ಲಿ ಡ್ರೈವರಿಗೆ ಕಾಣುವುದಿಲ್ಲ.

ಸ್ಕೂಟರಿಗೆಂದು ಇಟ್ಟುಕೊಂಡ ಪ್ಯಾಂಟು-ಶರ್ಟು ಜೋಡಿ ರೇನ್‌ಕೋಟ್ ಒಯ್ಯುವುದು ದಂಡ. ಅದರೊಳಗೆ ಮಳೆಹನಿ ಬರುವುದಿಲ್ಲ, ಬೆವರೂ ಹೊರಗೆ ಹೋಗುವುದಿಲ್ಲ. ಹದಿನೈದು ನಿಮಿಷ ನಡೆದರೆ ಒಳಗಿನಿಂದಲೇ ನೆಂದಿರುತ್ತೀರಿ. ಅಂದಹಾಗೆ, ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಪೇಟೆಂಟ್ ಪಡೆದ ರಬ್ಬರ್ ಬಟ್ಟೆ ತಯಾರಾಗಿದ್ದು ಇದೇ ಮ್ಯಾಂಚೆಸ್ಟರಿನಲ್ಲಿ. ಬೆವರಿನ ದೂರು ಅದಕ್ಕೂ ಇತ್ತು. ಅಟ್ಟದ ಮೇಲೆ ವರ್ಷಗಟ್ಟಲೆ ಮಡಚಿಟ್ಟ ಹಳೆಯ ಟ್ರೆಕ್ಕಿಂಗ್ ಜಾಕೆಟ್ಟನ್ನೂ ಪರೀಕ್ಷಿಸದೆ ತುಂಬಬೇಡಿ. ಒಳಗಿನ ಪಾಲಿಯುರೆಥೇನ್ ಲೇಪ ನಮ್ಮ ಸೆಖೆ ಮತ್ತು ತೇವಕ್ಕೆ ನಿಧಾನವಾಗಿ ಒಡೆಯುತ್ತದೆ. ಒಳಮೈ ಮುಟ್ಟಿದಾಗ ಅಂಟಂಟಾಗಿದ್ದರೆ, ಬಿಳಿ ಹೊಟ್ಟು ಉದುರಿದರೆ ಅದರ ಕಥೆ ಮುಗಿದಿದೆ.

ಒಳ್ಳೆಯ ಜಾಕೆಟ್ಟೂ ಆರೆಂಟು ತಿಂಗಳಿಗೆ ‘ಸೋರುತ್ತಿದೆ’ ಎಂಬ ದೂರಿಗೆ ಗುರಿಯಾಗುತ್ತದೆ. ಬಹಳ ಸಲ ಅದು ಸೋರುತ್ತಿರುವುದಿಲ್ಲ. ಹೊರಮೈಯಲ್ಲಿ ನೀರು ಮುತ್ತಾಗಿ ಉರುಳುವಂತೆ ಮಾಡುವ ಒಂದು ತೆಳು ಲೇಪವಿರುತ್ತದೆ. ಕೊಳೆ, ಮೈಯೆಣ್ಣೆ, ಸೋಪಿನ ಪುಡಿ ಸೇರಿ ಅದು ಮಂಕಾದಾಗ ಮೇಲ್ಬಟ್ಟೆ ನೀರು ಕುಡಿದು ಗಾಢ ಬಣ್ಣಕ್ಕೆ ತಿರುಗುತ್ತದೆ. ಬೆವರಿನ ಆವಿಗೆ ದಾರಿ ಮುಚ್ಚಿ ಒಳಗೇ ನೀರಾಗುತ್ತದೆ. ಪರೀಕ್ಷೆ ಸುಲಭ: ಭುಜದ ಮೇಲೆ ಒಂದು ಚಮಚ ನೀರು ಹಾಕಿ. ಉರುಳಿದರೆ ಸರಿ, ಕಲೆಯಂತೆ ಹರಡಿದರೆ ಒಗೆಯುವ ಸಮಯ ಬಂದಿದೆ. ಜಿಪ್ಪು, ವೆಲ್ಕ್ರೋ ಎಲ್ಲ ಮುಚ್ಚಿ, ನಿಕ್‌ವ್ಯಾಕ್ಸ್ ಟೆಕ್ ವಾಶ್‌ನಂಥ ದ್ರಾವಣದಲ್ಲಿ 30 ಡಿಗ್ರಿಗೆ ಒಗೆಯಿರಿ. ಚೀಟಿಯಲ್ಲಿ ಡ್ರೈಯರ್ ಗುರುತಿದ್ದರೆ ಕಡಿಮೆ ಶಾಖದಲ್ಲಿ ಇಪ್ಪತ್ತು ನಿಮಿಷ ತಿರುಗಿಸಿ. ಶಾಖಕ್ಕೆ ಲೇಪ ಮತ್ತೆ ಚುರುಕಾಗುತ್ತದೆ. ಆಗಲೂ ಉರುಳದಿದ್ದರೆ ಅದೇ ಕಂಪನಿಯ ಟಿಎಕ್ಸ್ ಡೈರೆಕ್ಟ್ ಹಾಕಿ ಹೊಸ ಲೇಪ ಕೊಡಬೇಕು. ಕಂಫರ್ಟ್ ಥರದ ಫ್ಯಾಬ್ರಿಕ್ ಸಾಫ್ಟನರ್ ಮಾತ್ರ ಹತ್ತಿರ ಸುಳಿಯಬಾರದು, ಅದು ನೀರನ್ನು ಕರೆದು ಕೂರಿಸಿಕೊಳ್ಳುತ್ತದೆ.

ಒಳಗೆ ಹಾಕುವುದರ ವಿಷಯಕ್ಕೆ ಬಂದರೆ, ಒಂದು ದಪ್ಪ ಸ್ವೆಟರಿಗಿಂತ ಮೂರು ತೆಳು ಪದರ ಮೇಲು. ಚಳಿಯಷ್ಟೇ ಅಲ್ಲ ಕಾರಣ. ಬಸ್ಸು, ಅಂಗಡಿ, ಲೈಬ್ರರಿಗಳಲ್ಲಿ ಹೀಟರ್ ಉರಿಯುತ್ತಿರುತ್ತದೆ. ಬಿಚ್ಚಲಾಗದ ದಪ್ಪ ಬಟ್ಟೆಯಲ್ಲಿ ಬೆವತು, ಆ ಬೆವರಿನಲ್ಲೇ ಹೊರಗೆ ಬಂದರೆ ನಡುಕ ಶುರು.

ಹತ್ತಿ ಬನಿಯನ್ ಮೈಗೆ ಹಿತ, ಆದರೆ ಒದ್ದೆಯಾದರೆ ಒದ್ದೆಯೇ. ಯುನಿಕ್ಲೋದ ಹೀಟ್‌ಟೆಕ್ ಎಂಬ ಥರ್ಮಲ್ ಒಳಉಡುಪಿನಲ್ಲಿ ಅಕ್ರಿಲಿಕ್, ರೇಯಾನ್, ಪಾಲಿಯೆಸ್ಟರ್ ಮಿಶ್ರಣವಿದೆ. ಅಂಗಿಯ ಒಳಗೆ ಕಾಣದಷ್ಟು ತೆಳು, ರಾತ್ರಿ ಹಿಂಡಿ ಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತದೆ. ಅದರಲ್ಲಿ ಮೂರು ದರ್ಜೆಯಿದೆ; ಮ್ಯಾಂಚೆಸ್ಟರಿಗೆ ಸಾಮಾನ್ಯ ದರ್ಜೆಯೇ ಸಾಕು, ‘ಅಲ್ಟ್ರಾ ವಾರ್ಮ್’ ಕೊಂಡವರು ಬಸ್ಸಿನಲ್ಲಿ ಬೇಯುತ್ತಾರೆ. ಮಾರ್ಕ್ಸ್ ಅಂಡ್ ಸ್ಪೆನ್ಸರ್‌ನ ಹೀಟ್‌ಜೆನ್ ಅದೇ ಕೆಲಸಕ್ಕೆ ಮಾಡಿದ್ದು. ಪ್ರೈಮಾರ್ಕ್‌ನ ಥರ್ಮಲ್ ಎಲ್ಲಕ್ಕಿಂತ ಅಗ್ಗ. ಮೊದಲ ಚಳಿಗಾಲ ದಾಟಿಸಲು ಎರಡು ಜೊತೆ ಧಾರಾಳ. ನಮ್ಮಲ್ಲಿ ಸಿಗುವ ದಪ್ಪ ಕೆನೆಬಣ್ಣದ ಥರ್ಮಲ್ ಜೋಡಿಯ ಚೀಟಿ ತಿರುಗಿಸಿ ನೋಡಿ, ಅರ್ಧಕ್ಕಿಂತ ಹೆಚ್ಚು ಹತ್ತಿಯಿದ್ದರೆ ಬಿಡಿ. ಅದರ ಮೇಲೆ ಪ್ಯಾಂಟೂ ಏರುವುದಿಲ್ಲ.

ನಡುವಿನ ಪದರಕ್ಕೆ ಫ್ಲೀಸ್ (ತುಪ್ಪಳದಂಥ ಮೆತ್ತನೆ ಪಾಲಿಯೆಸ್ಟರ್ ಬಟ್ಟೆ) ಅಥವಾ ಉಣ್ಣೆ. ಫ್ಲೀಸಿನ ಅಂಕಿ ಚದರ ಮೀಟರಿನ ತೂಕ. 100 ಗ್ರಾಮಿನದು ಒಂದು, 200 ಗ್ರಾಮಿನದು ಒಂದು ಇದ್ದರೆ ವರ್ಷ ಕಳೆಯುತ್ತದೆ. ಉಣ್ಣೆಯ ಗುಣ ಮಲೆನಾಡಿನ ಕಂಬಳಿಕೊಪ್ಪೆ ಕಂಡವರಿಗೆ ಗೊತ್ತು: ನೆಂದರೂ ಒಳಗೆ ಬಿಸಿ ಉಳಿಯುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿದರೂ ಕೈಗೆ ಒದ್ದೆ ಎನಿಸುವುದಿಲ್ಲ. ಮೆರಿನೊ ಎಂಬುದು ಅದರದೇ ಚುಚ್ಚದ ತಳಿ, ಬೆಲೆ ಚುಚ್ಚುತ್ತದೆ ಅಷ್ಟೇ. ಅಗ್ಗದ ದಾರಿ, ದಾನವಾಗಿ ಬಂದ ಹಳೆಯ ಬಟ್ಟೆ ಮಾರುವ ಆಕ್ಸ್‌ಫ್ಯಾಮ್‌ನಂಥ ಚಾರಿಟಿ ಅಂಗಡಿಗಳು. ಹೊಸದರ ಕಾಲುಭಾಗದ ಬೆಲೆಗೆ ಶುದ್ಧ ಉಣ್ಣೆಯ ಸ್ವೆಟರ್ ಸಿಗುತ್ತದೆ. ಬೆಳಕಿಗೆ ಹಿಡಿದು ನುಸಿ ತಿಂದ ತೂತಿದೆಯೇ ನೋಡಿ, ತಂದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಸೋಪಿನಪುಡಿ ಕೊಳ್ಳುವಾಗಲೂ ಹುಷಾರು. ಅಲ್ಲಿ ‘ಬಯೋ’, ‘ನಾನ್ ಬಯೋ’ ಎಂದು ಎರಡು ಬಗೆ. ಬಯೋದಲ್ಲಿರುವ ಕಿಣ್ವ ಮೊಟ್ಟೆಯ ಕಲೆಯನ್ನು ಮಾತ್ರವಲ್ಲ, ಉಣ್ಣೆಯನ್ನೂ ರೇಷ್ಮೆಯನ್ನೂ ತಿನ್ನುತ್ತದೆ.

ಚಳಿಗಾಲದಲ್ಲಿ ಬೆಂಗಳೂರಿನ ಫುಟ್‌ಪಾತಿನಲ್ಲಿ ಟಿಬೆಟನ್ನರು ಮಾರುವ ಬಣ್ಣಬಣ್ಣದ ಸ್ವೆಟರ್ ಬಹುಪಾಲು ಅಕ್ರಿಲಿಕ್. ಬೇಗ ಒಣಗುತ್ತದೆ, ಬೇಗ ಗಂಟುಗಂಟಾಗುತ್ತದೆ. ಮನೆಯೊಳಗೆ ಹಾಕಲು ಒಂದು ಒಯ್ಯಿರಿ. ಬಾತುಕೋಳಿಯ ಪುಕ್ಕ ತುಂಬಿದ ಉಬ್ಬು ಜಾಕೆಟ್ ಒಣಚಳಿಗೆ ಭೇಷ್, ಈ ಊರಿಗಲ್ಲ. ಪುಕ್ಕ ನೆಂದರೆ ಮುದ್ದೆಗಟ್ಟಿ ಬಿಸಿ ಹೋಗುತ್ತದೆ, ಒಣಗಿಸಲು ಡ್ರೈಯರಿನಲ್ಲಿ ಟೆನಿಸ್ ಚೆಂಡು ಹಾಕಿ ಎರಡು ಮೂರು ಗಂಟೆ ತಿರುಗಿಸಬೇಕು. ಉಬ್ಬು ಜಾಕೆಟ್ಟೇ ಬೇಕೆಂದರೆ ಸಿಂಥೆಟಿಕ್ ತುಂಬಿದ್ದನ್ನು ಕೊಂಡು ಮಳೆ ಜಾಕೆಟ್ಟಿನ ಒಳಗೆ ಹಾಕಿ.

ಜೀನ್ಸ್ ಬಗ್ಗೆ ಜಗಳವೇ ಆಗುತ್ತದೆ. ನೆಂದ ದಪ್ಪ ಡೆನಿಮ್ ಆ ಕೋಣೆಗಳಲ್ಲಿ ಒಣಗಲು ಎರಡು ದಿನ, ಸೊಂಟಪಟ್ಟಿ ಮತ್ತು ಜೇಬಿನ ಚೀಲಕ್ಕೆ ಇನ್ನೂ ಅರ್ಧ ದಿನ. ಒಂದೋ ಎರಡೋ ಇರಲಿ, ಉಳಿದದ್ದು ಪಾಲಿಯೆಸ್ಟರ್-ವಿಸ್ಕೋಸ್ ಮಿಶ್ರಣದ ಆಫೀಸ್ ಪ್ಯಾಂಟು ಅಥವಾ ನೈಲಾನ್ ಪ್ಯಾಂಟು. ಅಂಚು ಹಿಮ್ಮಡಿಗಿಂತ ಮೇಲಿರಲಿ. ನೆಲಕ್ಕೆ ತಾಗುವ ಅಂಚು ಬತ್ತಿಯಂತೆ ನೀರನ್ನು ಮೊಣಕಾಲವರೆಗೂ ಏರಿಸುತ್ತದೆ. ಅಗಲ ಪಲಾಝೊ, ಪಟಿಯಾಲಾಗಳದ್ದೂ ಇದೇ ಪಾಡು. ರಾಜ್ಯೋತ್ಸವಕ್ಕೆ ಸೀರೆ ಉಡುವವರು ಲಂಗದ ಕೆಳಗೆ ಥರ್ಮಲ್ ಲೆಗ್ಗಿಂಗ್ಸ್ ಹಾಕಿ, ಸಭಾಂಗಣದವರೆಗೆ ಬೂಟಿನಲ್ಲೇ ಹೋಗಿ, ಚಪ್ಪಲಿಯನ್ನು ಚೀಲದಲ್ಲಿಡುವುದೇ ವಾಸಿ.

ಬೂಟಿನ ಅಳತೆ ನಮ್ಮದೂ ಅವರದೂ ಸಾಮಾನ್ಯವಾಗಿ ಒಂದೇ ಸಂಖ್ಯೆ. ದಪ್ಪ ಕಾಲುಚೀಲಕ್ಕೆಂದು ಅರ್ಧ ಸೈಜು ಹೆಚ್ಚು ತೆಗೆದುಕೊಳ್ಳಿ. ಮುಂಭಾಗ ಬಲೆಬಲೆಯಾದ ಓಟದ ಶೂ, ಕ್ಯಾನ್ವಾಸ್ ಶೂ ಮೊದಲ ದಿನವೇ ಸೋಲುತ್ತವೆ. ಅಟ್ಟೆ ಹಲ್ಲುಹಲ್ಲಾದ ರಬ್ಬರಿನದಿರಲಿ. ಅಕ್ಟೋಬರಿನಲ್ಲಿ ಕೊಳೆತ ಎಲೆ ಮೆತ್ತಿದ ಫುಟ್‌ಪಾತು ಪಾಚಿಗಟ್ಟಿದ ಬಾವಿಕಟ್ಟೆಗೆ ಸಮ. ನೆಂದ ಬೂಟಿನ ಒಳಗೆ ಪತ್ರಿಕೆ ತುರುಕಿ ಎರಡು ಗಂಟೆಗೊಮ್ಮೆ ಬದಲಿಸಿ. ಕೋಣೆ ಬಿಸಿಮಾಡುವ ರೇಡಿಯೇಟರ್ ಮೇಲಿಟ್ಟರೆ ಚರ್ಮ ಬಿರಿದು, ಅಂಟು ಬಿಟ್ಟು, ಅಟ್ಟೆ ಬಾಯಿ ತೆರೆಯುತ್ತದೆ. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕುವುದು ಒಂದೇ ದುಬಾರಿ ಜೊತೆಗಿಂತ ಜಾಣತನ. ಮೂರು ಮಡಿಕೆಯ ಕೊಡೆ ನೇರ ಬೀಳುವ ಮಳೆಗೆ ಮಾಡಿದ್ದು, ಅಲ್ಲಿ ಅದು ತಿರುಗುಮುರುಗಾಗುತ್ತದೆ. ಬಿಡಿ ಅದನ್ನು.

ಇಷ್ಟೆಲ್ಲ ಕೊಂಡರೂ ಒಗೆದದ್ದು ಒಣಗದಿದ್ದರೆ ಮುಗ್ಗಲು ವಾಸನೆ ತಪ್ಪದು. ಕೋಣೆಯೊಳಗೆ ಹರವಿದ ಒಂದು ಹೊರೆ ಬಟ್ಟೆಯಿಂದ ಲೀಟರುಗಟ್ಟಲೆ ನೀರು ಗಾಳಿಗೆ ಸೇರಿ, ತಣ್ಣನೆ ಗೋಡೆಗೆ ಕೂತು, ಮಂಚದ ಹಿಂದೆ ಕಪ್ಪು ಬೂಷ್ಟಾಗಿ ಏಳುತ್ತದೆ. ಹೆಚ್ಚು ವೇಗದಲ್ಲಿ ಇನ್ನೊಮ್ಮೆ ಹಿಂಡಿಸಿ, ಕಿಟಕಿ ಎರಡು ಬೆರಳು ತೆರೆದಿಡಿ. ಲೇಕ್‌ಲ್ಯಾಂಡ್‌ನ ಡ್ರೈ:ಸೂನ್‌ನಂಥ ಬಿಸಿಯಾಗುವ ಸ್ಟ್ಯಾಂಡಿನ ಮೂರಂತಸ್ತಿನದು ಸುಮಾರು 300 ವ್ಯಾಟ್ ತಿನ್ನುತ್ತದೆ. ಎಂಟು ಗಂಟೆಗೆ 2.4 ಯೂನಿಟ್. ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿದರೆ ಹೊತ್ತು ಇನ್ನೂ ಇಳಿಯುತ್ತದೆ. ನಾಲ್ಕು ಜನ ಸೇರಿ ಒಂದು ಕೊಂಡರೆ ಲಾಂಡ್ರಿಯ ನಾಣ್ಯ ಉಳಿಯುತ್ತದೆ.

ಸೆಪ್ಟೆಂಬರಿನಲ್ಲಿ ಇಳಿಯುವವರಿಗೆ 17-18 ಡಿಗ್ರಿಯ ಹಗಲು ಸಿಗುತ್ತದೆ. ಮಳೆ ಜಾಕೆಟ್, ಒಂದು ಫ್ಲೀಸ್, ನೀರು ತಡೆಯುವ ಶೂ ಇದ್ದರೆ ಮೊದಲ ತಿಂಗಳು ನಡೆಯುತ್ತದೆ. ಥರ್ಮಲ್ಲು, ಉಣ್ಣೆ ಅಲ್ಲೇ ಅಕ್ಟೋಬರಿನಲ್ಲಿ ಕೊಳ್ಳಿ. ಕಂಪನಿಯವರು ಫೋಟೋದಲ್ಲಿ ಹಾಕುವಂಥ ಉದ್ದನೆಯ ಉಣ್ಣೆ ಕೋಟು ಬೇಕೇ ಬೇಕೆನಿಸಿದರೆ ಜನವರಿ ಸೇಲ್‌ವರೆಗೆ ತಡೆಯಿರಿ. ಅಷ್ಟರಲ್ಲಿ ಮೂರು ತಿಂಗಳು ಮಳೆ ಕಂಡಿರುತ್ತೀರಿ, ಬಹಳ ಜನ ಆ ದುಡ್ಡನ್ನು ಎರಡನೇ ಜೊತೆ ಬೂಟಿಗೆ ಹಾಕುತ್ತಾರೆ.