ಮಾಡಿಗೆ ಕರೆಯಿರಿ, ಬಚ್ಚಲಿಗೆ ಬೇಡ

ಸಾಗರದ ಸಮೀಪ ಇರುವ ನಮ್ಮ ಅಜ್ಜನ ಕಾಲದ ಮನೆಯ ದುರಸ್ತಿಯನ್ನು ಶಿವಮೊಗ್ಗದ ಗುತ್ತಿಗೆದಾರರೊಬ್ಬರಿಗೆ ವಹಿಸಿದ್ದೆವು. ನಾಲ್ಕು ತಿಂಗಳು ಎಂದಿದ್ದರು, ಹನ್ನೊಂದು ಹಿಡಿಯಿತು. ಅಷ್ಟು ಕಾಲ ಅಮ್ಮ, ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಸಂಸಾರ.

ಮೊದಲ ದಿನ ಇಳಿಸಿದ ಹೆಂಚೊಂದರ ಮೇಲೆ ಬಾಸೆಲ್ ಮಿಷನ್, 1865 ಎಂಬ ಅಚ್ಚು ಕಂಡು ಅವರು, ‘ಸಾರ್, ಮನೆಗೆ ನೂರೈವತ್ತು ದಾಟಿದೆ’ ಎಂದು ಹಿಗ್ಗಿದರು. ಅದು ಮನೆಯದಲ್ಲ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ‘ಸೋಗೆ ತೆಗೆಸಿ ಹೆಂಚು ಹೊದಿಸಿದ್ದು ನಮ್ಮ ಮಾವನವರು’ ಎಂದು ಅಮ್ಮ ಜಗಲಿಯಿಂದಲೇ ತಿದ್ದಿದರು.

ಆದರೆ ಮಾಡಿನ, ಅಂದರೆ ಚಾವಣಿಯ, ಕೆಲಸಕ್ಕೆ ಎರಡು ಮಾತಿಲ್ಲ. ಒಂದೊಂದು ಹೆಂಚನ್ನೂ ಬೆರಳಗಂಟಿನಿಂದ ತಟ್ಟಿ ನೋಡಿದರು: ಠಣ್ ಎಂದರೆ ಮಾಡಿಗೆ, ಬೊದ್ದು ಸದ್ದಾದರೆ ಹಿತ್ತಿಲಿಗೆ. ಹೆಂಚಿನ ಭಾರ ಹೊರುವ ಮರದ ಪಕಾಸಿಗಳಲ್ಲಿ ಗೆದ್ದಲು ತಿಂದವನ್ನು ಪೂರ್ತಿ ಎಸೆಯದೆ, ಕೆಟ್ಟ ತುದಿಯನ್ನಷ್ಟೇ ಕತ್ತರಿಸಿ ಹೊಸ ಮರ ಬೆಸೆದರು. ಅಡುಗೆಮನೆಯ ಮೇಲೆ ನಾಲ್ಕು ಗಾಜಿನ ಹೆಂಚು ಕೂರಿಸಿದ್ದು ಅವರದೇ ಯೋಚನೆ. ಈಗ ಅಮ್ಮ ದೀಪ ಹಾಕದೆ ಅಕ್ಕಿಯ ಕಲ್ಲು ಆರಿಸುತ್ತಾರೆ. ಒಂದು ಇಡೀ ಮಳೆಗಾಲ ಎಲ್ಲಿಯೂ ಪಾತ್ರೆ ಇಡಬೇಕಾಗಲಿಲ್ಲ.

ಗೋಡೆಯೂ ಗೆದ್ದಿತು. ಮಣ್ಣಿನ ಗೋಡೆಗೆ ಹಿಂದೆ ಯಾರೋ ಸಿಮೆಂಟ್ ಬಳಿಸಿದ್ದರು (ಯಾರೋ ಅಲ್ಲ, ನಾನೇ). ಒಳಗಿನ ತೇವ ಹೊರಬರಲಾಗದೆ ಸೊಂಟದೆತ್ತರಕ್ಕೆ ಹಪ್ಪಳದಂತೆ ಉಬ್ಬಿತ್ತು. ಅದನ್ನೆಲ್ಲ ಕೆತ್ತಿ, ಗುಂಡಿಯಲ್ಲಿ ಎರಡು ವಾರ ನೆನೆಸಿದ ಸುಣ್ಣದಿಂದ ಗಾರೆ ಮಾಡಿದರು. ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ, ಅವಸರದವರಿಗೆ ಆಗಿಬರುವುದಿಲ್ಲ.

ಇನ್ನು ಬಚ್ಚಲು. ಅಮ್ಮನಿಗೆ ಎಪ್ಪತ್ತೆಂಟು, ರಾತ್ರಿ ಅಂಗಳ ದಾಟಬಾರದೆಂದೇ ಅವರ ಕೋಣೆಗೆ ಹೊಂದಿಸಿ ಕಟ್ಟಿಸಿದ್ದು. ನಲ್ಲಿ ತಿರುಗಿಸಿದರೆ ನೀರು ಮೋರಿಯ ಕಡೆಗಲ್ಲ, ಬಾಗಿಲಿಗೆ ಬರುತ್ತದೆ. ಹೇಳಿದರೆ, ‘ಒರೆಸಿಕೊಂಡರಾಯಿತು ಬಿಡಿ.’ ಮೂರು ಸಲ ಫೋನ್ ಮಾಡಿದ ಮೇಲೆ ಬಂದು, ಹೊಸ್ತಿಲನ್ನು ಎರಡು ಇಂಚು ಎತ್ತರಿಸಿ ಹೋದರು! ಮಂಡಿ ನೋಯುವವರಿಗೆ ಈಗ ಅದೂ ಒಂದು ಹತ್ತುವ ಕೆಲಸ.

ಹಳೆಯ ಮನೆಯಿದ್ದವರು ಹೆಂಚು, ಗಾರೆಗೆ ಇಂಥವರನ್ನೇ ಹುಡುಕಿ. ಬಚ್ಚಲಿಗೆ ಬೇರೆಯವರನ್ನು ಕರೆಯಿರಿ, ಅವರು ಕೆಲಸ ಮುಗಿಸಿ ಹೊರಡುವ ಮೊದಲೇ ಒಂದು ಕೊಡ ನೀರು ಸುರಿದು ನೋಡಿ. ಕೊನೆಯ ಕಂತಿನ ಹಣ ಇನ್ನೂ ನನ್ನ ಬಳಿಯೇ ಇದೆ. ನೀರು ಮೋರಿಯತ್ತ ಹರಿದ ದಿನ ಕೊಡುತ್ತೇನೆ.