ಔಷಧಿಯವಳ ಸ್ವಗತ: ಕಾದಂಬರಿ, ಎರಡು ಮಾಂಗಾ, ಅನಿಮೆ ಎಲ್ಲವನ್ನೂ ಎರಡು ವರ್ಷ ಓದಿ, ನೋಡಿದ ಮೇಲೆ

ತುಮಕೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಡಿ.ಫಾರ್ಮಾ ಮುಗಿಸಿದಾಗಿನಿಂದ ಅದೇ ಕೌಂಟರ್. 2023ರ ಕೊನೆಯಲ್ಲಿ ಜಪಾನಿನಲ್ಲಿರುವ ತಮ್ಮ ಫೋನ್ ಮಾಡಿ, "ಅಕ್ಕಾ, ನಿನ್ನ ಕಸುಬಿನವಳದೇ ಒಂದು ಅನಿಮೆ ಶುರುವಾಗಿದೆ, ನೋಡು" ಅಂದ. ಅವತ್ತು ಹಿಡಿದ ಕಥೆಯನ್ನು ಇನ್ನೂ ಬಿಟ್ಟಿಲ್ಲ. ಅನಿಮೆಯ, ಅಂದರೆ ಆ ಜಪಾನಿ ಕಾರ್ಟೂನ್ ಸರಣಿಯ, ಎರಡೂ ಸೀಸನ್ ಆಯಿತು, ಮೊದಲನೆಯದನ್ನು ಮೂರು ಸಲ ನೋಡಿದೆ. ಕಾದಂಬರಿಯ ಐದು ಸಂಪುಟ ಇಂಗ್ಲಿಷಿನಲ್ಲಿ ಓದಿದೆ. ಮಾಂಗಾ, ಅಂದರೆ ಜಪಾನಿ ಚಿತ್ರಕಥೆ ಪುಸ್ತಕ, ಒಂದಲ್ಲ, ಎರಡು ಬಗೆಯದು ನನ್ನ ಕಪಾಟಿನಲ್ಲಿವೆ.

ಎರಡು ಬಗೆ ಯಾಕೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಕೊಳ್ಳುವವರು ಎಡವುವುದು ಇಲ್ಲೇ. ಇದು ಮೊದಲು ಕಾದಂಬರಿ. ಹ್ಯೂಗಾ ನಾಟ್ಸು ಅನ್ನುವ ಲೇಖಕಿ 2011ರಲ್ಲಿ ಜಪಾನಿನ ಒಂದು ವೆಬ್ ಕಾದಂಬರಿ ತಾಣದಲ್ಲಿ ಬರೆಯಲು ಶುರು ಮಾಡಿದರು. 2014ರಿಂದ ಹೀರೋ ಬುಂಕೋ ಮಾಲೆಯಲ್ಲಿ ಲೈಟ್ ನಾವೆಲ್ (ನಡುನಡುವೆ ಚಿತ್ರಗಳಿರುವ, ಹಗುರ ಓದಿನ ಕಾದಂಬರಿ) ಆಗಿ ಬರುತ್ತಿದೆ. 2017ರಲ್ಲಿ ಅದೇ ಕಥೆ ಎರಡು ಮಾಸಿಕಗಳಲ್ಲಿ ಎರಡು ಮಾಂಗಾ ಆಗಿ ಹೊರಟಿತು. ಒಂದು ಸ್ಕ್ವೇರ್ ಎನಿಕ್ಸ್‌ನವರ 'ಬಿಗ್ ಗಂಗಾನ್'ನಲ್ಲಿ, ಚಿತ್ರ ನೆಕೊಕುರಾಗೆ ಅವರದು. ಇನ್ನೊಂದು ಶೋಗಾಕುಕಾನ್‌ನವರ 'ಸಂಡೇ ಜೀನ್-ಎಕ್ಸ್'ನಲ್ಲಿ, ಚಿತ್ರ ಕುರಾಟಾ ಮಿನೋಜಿ ಅವರದು. ಒಂದೇ ಹೆಸರು, ಒಂದೇ ನಾಯಕಿ. ಎರಡನೆಯದಕ್ಕೆ ಒಂದು ಉಪಶೀರ್ಷಿಕೆ ಇದೆ ಅಷ್ಟೇ. ನಾನು ತಮ್ಮನಿಗೆ "ಮೂರನೇ ಸಂಪುಟ ತಗೊಂಡು ಬಾ" ಅಂದೆ. ಅವನು ಅಂಗಡಿಯಲ್ಲಿ ಕಣ್ಣಿಗೆ ಬಿದ್ದದ್ದನ್ನು ತಂದ. ಮನೆಯಲ್ಲಿ ಬಿಡಿಸಿ ನೋಡಿದರೆ ನಾಯಕಿ ಮಾವೋಮಾವೋ ಮುಖವೇ ಬೇರೆ! ಹೀಗೆ ಕುರಾಟಾ ಅವರ ಮಾಂಗಾ ನನ್ನ ಮನೆಗೆ ಬಂತು. ನನಗೆ ಜಪಾನಿ ಓದಲು ಬರುವುದಿಲ್ಲ. ಕಾದಂಬರಿಯನ್ನು ಪಕ್ಕದಲ್ಲಿಟ್ಟುಕೊಂಡು ಚಿತ್ರಗಳನ್ನು ಓದಿದೆ.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಹಳೇ ಚೀನಾದ ಹಾಗೆ ಕಾಣುವ ಒಂದು ಕಲ್ಪಿತ ರಾಜ್ಯ. ವೇಶ್ಯೆಯರ ಕೇರಿಯಲ್ಲಿ ಅಪ್ಪನ ಹತ್ತಿರ ಔಷಧಿ ಕಲಿತ ಹದಿನೇಳರ ಹುಡುಗಿ ಮಾವೋಮಾವೋ. ಗಿಡಮೂಲಿಕೆ ತರಲು ಹೋದವಳನ್ನು ಕಳ್ಳರು ಎತ್ತಿಕೊಂಡು ಹೋಗಿ ಅರಮನೆಯ ಅಂತಃಪುರಕ್ಕೆ ಮಾರಿಬಿಡುತ್ತಾರೆ. ಅಲ್ಲಿ ಅವಳು ಬಟ್ಟೆ ಒಗೆಯುವ ಕೆಲಸದವಳು. ಓದು ಬರಹ ಬರುತ್ತದೆ ಅಂತಲೂ ಯಾರಿಗೂ ಹೇಳಿಕೊಳ್ಳುವುದಿಲ್ಲ. ಅಷ್ಟರಲ್ಲಿ ರಾಜನ ಎಳೆ ಮಕ್ಕಳು ಒಂದೊಂದಾಗಿ ಸಾಯುತ್ತಿವೆ ಅನ್ನುವ ಸುದ್ದಿ ಕಿವಿಗೆ ಬೀಳುತ್ತದೆ. ಅವಳು ಯೋಚಿಸಿ ಕಾರಣ ಹಿಡಿಯುತ್ತಾಳೆ: ತಾಯಂದಿರು ಮುಖಕ್ಕೆ ಹಚ್ಚುವ ಬಿಳಿ ಪೌಡರ್. ಅದರಲ್ಲಿ ಸೀಸ ಇದೆ. ಲಂಗದ ಅಂಚು ಹರಿದು, "ಪೌಡರ್ ವಿಷ, ಮಗುವಿಗೆ ಮುಟ್ಟಿಸಬೇಡಿ" ಎಂದು ಬರೆದು, ಹೂವಿನ ಕೊಂಬೆಗೆ ಕಟ್ಟಿ ಇಬ್ಬರು ರಾಣಿಯರ ಕಿಟಕಿಯಲ್ಲಿಟ್ಟು ಬರುತ್ತಾಳೆ. ಗ್ಯೋಕುಯೋ ನಂಬುತ್ತಾಳೆ, ಅವಳ ಮಗಳು ಉಳಿಯುತ್ತಾಳೆ. ಲಿಹುವಾ ನಂಬುವುದಿಲ್ಲ, ಅವಳ ಮಗ ಸಾಯುತ್ತಾನೆ.

ಕೌಂಟರಿನಲ್ಲಿ ನಿಂತು ಕೆಲಸ ಮಾಡುವವರಿಗೆ ಇದು ಬರೀ ಕಥೆ ಅಲ್ಲ. ಹೇಳಿದ ಮಾತು ಒಂದೇ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಕೇಳುವುದಿಲ್ಲ. ನಿಮಗೆ ಅಧಿಕಾರ ಇಲ್ಲ, ಗೊತ್ತಿರುವುದು ಮಾತ್ರ ಇದೆ.

ಸೀಸದ ಪೌಡರ್ ಕಟ್ಟುಕಥೆಯಲ್ಲ. ಜಪಾನಿನಲ್ಲೇ 1887ರಲ್ಲಿ ಮೇಜಿ ಚಕ್ರವರ್ತಿಯ ಮುಂದೆ ಕಬುಕಿ ಎಂಬ ಸಾಂಪ್ರದಾಯಿಕ ನಾಟಕ ಆಡುತ್ತಿದ್ದ ನಾಕಾಮುರಾ ಫುಕುಸುಕೆ ಎಂಬ ನಟನ ಕಾಲು ರಂಗದ ಮೇಲೆಯೇ ನಡುಗತೊಡಗಿತು. ವರ್ಷಗಟ್ಟಲೆ ಹಚ್ಚಿದ ಬಿಳಿ ಬಣ್ಣದ ಸೀಸ ಮೈಗೆ ಸೇರಿತ್ತು. ಆಮೇಲೆಯೇ ಅಲ್ಲಿ ಸೀಸ ಇಲ್ಲದ ಪೌಡರ್ ಬೇಕು ಅನ್ನುವ ಮಾತು ಜೋರಾಯಿತು.

ಇನ್ನು ನಾಲ್ಕು ರೂಪಗಳ ವಿಷಯ. ಜಪಾನಿ ಹೆಸರು 'ಕುಸುರಿಯಾ ನೊ ಹಿತೋರಿಗೋತೊ'. ಅಂದರೆ ಔಷಧಿಯವಳು ತನ್ನಷ್ಟಕ್ಕೆ ತಾನು ಆಡಿಕೊಳ್ಳುವ ಮಾತು. ಇಂಗ್ಲಿಷಿನಲ್ಲಿ 'ದಿ ಅಪೋಥೆಕರಿ ಡೈರೀಸ್' ಅಂತ ಮಾಡಿದ್ದಾರೆ, ಆದರೆ ಮಾವೋಮಾವೋ ಡೈರಿ ಬರೆಯುವವಳಲ್ಲ. ನನಗೆ ಮೂಲ ಹೆಸರೇ ಸರಿ. ಆ ಗೊಣಗಾಟ ಯಾವ ರೂಪದಲ್ಲಿ ಎಷ್ಟು ಉಳಿದಿದೆ ಅನ್ನುವುದರಲ್ಲೇ ವ್ಯತ್ಯಾಸ ಇರುವುದು.

ಲಿಹುವಾಳ ಚಿಕಿತ್ಸೆಯ ಭಾಗವನ್ನೇ ತಗೊಳ್ಳಿ. ಮಗ ಹೋದ ಮೇಲೆ ಅವಳೂ ಸೊರಗಿ ಹಾಸಿಗೆ ಹಿಡಿದಿರುತ್ತಾಳೆ. ಅವಳನ್ನು ನೋಡಿಕೋ ಎಂದು ರಾಜನೇ ಮಾವೋಮಾವೋಗೆ ಹೇಳುತ್ತಾನೆ. ಪೌಡರ್ ನಿಷೇಧವಾದರೂ ಒಬ್ಬ ದಾಸಿ ಅಡಗಿಸಿಟ್ಟುಕೊಂಡು ರಾಣಿಗೆ ಹಚ್ಚುತ್ತಲೇ ಇರುತ್ತಾಳೆ, ಚೆನ್ನಾಗಿ ಕಾಣಲಿ ಅಂತ. ಯಾವಾಗಲೂ ತಣ್ಣಗಿರುವ ಮಾವೋಮಾವೋ ಆ ಒಂದು ಕ್ಷಣ ಕೆರಳಿ, ಡಬ್ಬಿಯ ಪೌಡರನ್ನು ಆ ದಾಸಿಯ ಮೇಲೆಯೇ ಸುರಿಯುತ್ತಾಳೆ. ಅನಿಮೆಯಲ್ಲಿ ಈ ದೃಶ್ಯ ಎದೆಗೆ ಬಡಿಯುತ್ತದೆ. ಮಾವೋಮಾವೋಗೆ ಕಂಠ ಕೊಟ್ಟ ಯೂಕಿ ಆಓಯಿ ಅವರ ದನಿ ಅಷ್ಟು ಹೊತ್ತು ಸಣ್ಣಗಿದ್ದು ಅಲ್ಲಿ ಸಿಡಿಯುತ್ತದೆ. ಆದರೆ ಆಮೇಲಿನ ದಿನಗಳು ಕಾದಂಬರಿಯಲ್ಲೇ ಚೆನ್ನ. ಕಿಟಕಿ ತೆಗೆಯುವುದು, ಗಂಜಿ ತಿಳಿಯನ್ನು ಗುಟುಕು ಗುಟುಕಾಗಿ ಕುಡಿಸುವುದು, ಮೈಯಿಂದ ವಿಷ ಇಳಿಯಲಿ ಅಂತ ಮತ್ತೆ ಮತ್ತೆ ಚಹಾ ಕೊಡುವುದು. ನನ್ನನ್ನು ಯಾಕೆ ಸಾಯಲು ಬಿಡಲಿಲ್ಲ ಎಂದು ಲಿಹುವಾ ಕೇಳುತ್ತಾಳೆ. ಸಾಯಬೇಕಿದ್ದರೆ ಗಂಜಿ ಬಿಟ್ಟುಬಿಡಿ, ಕುಡಿಯುತ್ತಿದ್ದೀರಿ ಅಂದರೆ ಬದುಕಬೇಕು ಅನ್ನಿಸಿದೆ ಅಂತ, ಅನ್ನುವ ಅರ್ಥದ ಉತ್ತರ. ರೋಗಿಯ ಹತ್ತಿರ ಹೀಗೆ ನೇರವಾಗಿ ಮಾತಾಡಲು ಧೈರ್ಯ ಬೇಕು. ಆ ಪುಟಕ್ಕೆ ನಾನು ಹಳೇ ಬಿಲ್ ಚೀಟಿ ಇಟ್ಟಿದ್ದೇನೆ.

ನೆಕೊಕುರಾಗೆ ಅವರ ಮಾಂಗಾ ಇರುವುದೇ ಮುಖಗಳಿಗಾಗಿ. ವಿಷ ಅಂದರೆ ಸಾಕು, ಮಾವೋಮಾವೋ ಕಣ್ಣು ಹೊಳೆಯುವುದು, ಅಂತಃಪುರ ನೋಡಿಕೊಳ್ಳುವ ಚೆಲುವ ಅಧಿಕಾರಿ ಜಿನ್‌ಶಿ ಹತ್ತಿರ ಬಂದರೆ ಹುಳ ನೋಡಿದ ಹಾಗೆ ಮುಖ ಕಿವುಚುವುದು. ಉಡುಗೆ, ಕೂದಲ ಪಿನ್ನು ಎಲ್ಲವನ್ನೂ ಎಷ್ಟು ನಾಜೂಕಾಗಿ ಬಿಡಿಸಿದ್ದಾರೆಂದರೆ ಒಂದು ಪುಟದಲ್ಲೇ ಹತ್ತು ನಿಮಿಷ ಕೂರಬಹುದು. ಕುರಾಟಾ ಅವರದು ಹೆಚ್ಚು ಸರಳ. ಅಲ್ಲಿ ಕಥೆ ಬೇಗ ಸಾಗುತ್ತದೆ, ಒಗಟಿನ ಎಳೆ ಕಣ್ಣೆದುರೇ ಇರುತ್ತದೆ. ಮೊದಲು ಅದು ಸಪ್ಪೆ ಅನ್ನಿಸಿತ್ತು, ಈಗ ಹಾಗಿಲ್ಲ. ಆದರೂ ಒಂದನ್ನೇ ಕೊಳ್ಳುವವರು ನೆಕೊಕುರಾಗೆ ಅವರದನ್ನೇ ಕೊಳ್ಳಿ. ಹೆಸರು ನೋಡಿದರೆ ಸಾಲದು, ಚಿತ್ರಕಾರರ ಹೆಸರನ್ನೂ ನೋಡಿಯೇ ಆರ್ಡರ್ ಮಾಡಿ.

ಅನಿಮೆ ಓಎಲ್‌ಎಂ ಮತ್ತು ತೋಹೋ ಅನಿಮೇಷನ್ ಸ್ಟುಡಿಯೋ ಸೇರಿ ಮಾಡಿದ್ದು. ಒಂದೊಂದು ಸೀಸನ್ 24 ಕಂತು. ಮೊದಲನೆಯದರಲ್ಲಿ ಕಾದಂಬರಿಯ ಒಂದು ಮತ್ತು ಎರಡನೇ ಸಂಪುಟ, 2025ರ ಎರಡನೆಯದರಲ್ಲಿ ಮೂರು ಮತ್ತು ನಾಲ್ಕು. ಅವಸರ ಇಲ್ಲ, ಅದು ದೊಡ್ಡ ಪುಣ್ಯ. ಮೊದಲ ಸೀಸನ್ನಿನ ಕೊನೆಯಲ್ಲಿ ಮಾವೋಮಾವೋ ಕೋಟೆಯ ಗೋಡೆ ಮೇಲೆ ಒಬ್ಬಳೇ ಕುಣಿಯುತ್ತಾಳೆ. ಕಾದಂಬರಿ ಅದನ್ನು ಹೇಳುತ್ತದೆ, ಅನಿಮೆ ಅದನ್ನು ಕುಣಿಸುತ್ತದೆ. ಮೂರು ಸಲವೂ ನನ್ನ ಕಣ್ಣು ತುಂಬಿತು. ಕಳೆದುಹೋಗುವುದು ಮನಸ್ಸಿನೊಳಗಿನ ಲೆಕ್ಕಾಚಾರ. ಪುಸ್ತಕದಲ್ಲಿ ಇದು ಇರಬಹುದಾ, ಅಲ್ಲ, ಹಾಗಾದರೆ ಅದಾ ಅಂತ ಅವಳು ಒಂದು ಪುಟ ತಡಕಾಡಿದ್ದು ಪರದೆಯಲ್ಲಿ ಎರಡು ಸಾಲಾಗುತ್ತದೆ. ನನಗೆ ಬೇಕಾದದ್ದೇ ಆ ತಡಕಾಟ.

ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಹಿಡಿದದ್ದು ಜೇನುತುಪ್ಪದ ಪ್ರಸಂಗ. ಗುಟ್ಟು ಬಿಡುವುದಿಲ್ಲ. ಎಳೆ ಕೂಸಿಗೆ ಜೇನು ವಿಷವಾಗಬಹುದು ಅನ್ನುವುದರ ಸುತ್ತ ಅದು ಹೆಣೆದಿದೆ. ಇದು ನಿಜ. ಜೇನಿನಲ್ಲಿ ಬಾಟುಲಿಸಂ ಎಂಬ, ನರಗಳನ್ನು ಕೆಡಿಸುವ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರಿಗೆ ಏನೂ ಆಗುವುದಿಲ್ಲ, ಕೂಸಿನ ಕರುಳಿನಲ್ಲಿ ಅದು ಬೆಳೆದುಬಿಡುತ್ತದೆ. ಒಂದು ವರ್ಷ ತುಂಬುವ ತನಕ ಜೇನು ಬೇಡ ಅನ್ನುವುದು ಅದಕ್ಕೇ. ನಮ್ಮ ಕಡೆ ಹುಟ್ಟಿದ ಮಗುವಿನ ನಾಲಿಗೆಗೆ ಮೊದಲು ಮುಟ್ಟಿಸುವುದೇ ಜೇನು, ಅಲ್ವಾ?

ಹೋದ ವರ್ಷ ಒಬ್ಬ ಅಜ್ಜಿ ಬಂದು, "ಚಿಕ್ಕ ಬಾಟ್ಲಿ ಜೇನುತುಪ್ಪ ಕೊಡಮ್ಮ, ಮೊಮ್ಮಗ ಹುಟ್ಟಿದಾನೆ" ಅಂದರು. ಮೊದಲಾಗಿದ್ದರೆ ಸುಮ್ನೆ ಬೇಡ ಅಂದು ಮುಗಿಸುತ್ತಿದ್ದೆ. ಅವತ್ತು ಅವರನ್ನು ಸ್ಟೂಲಿನ ಮೇಲೆ ಕೂರಿಸಿ ವಿವರವಾಗಿ ಹೇಳಿದೆ. "ನಾವೆಲ್ಲ ನೆಕ್ಕಿಕೊಂಡೇ ಬೆಳೆದಿಲ್ವೇನಮ್ಮ?" ಅಂದರು. "ನೀವು ಉಳಿದಿರಿ ಅಜ್ಜಿ, ಎಲ್ಲರೂ ಉಳಿಯಲಿಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ಬಾಟ್ಲಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ಆಮೇಲೆ ಕೌಂಟರ್ ಮೇಲೆ ಇಟ್ಟು ಎದ್ದರು. ಬೇರೆ ಅಂಗಡಿಯಲ್ಲಿ ಕೊಂಡರೋ ಏನೋ ಗೊತ್ತಿಲ್ಲ.

ಹೇಳಬೇಕಾದ ಇನ್ನೆರಡು ಮಾತು. ಹುಡುಗಿಯರನ್ನು ಮಾರುವುದು, ವೇಶ್ಯಾಗೃಹದ ವ್ಯವಹಾರ ಕಥೆಯ ಉದ್ದಕ್ಕೂ ಇದೆ, ಚಿಕ್ಕ ಮಕ್ಕಳಿಗೆ ಕೊಡಬೇಡಿ. ಹದಿನೈದು ದಾಟಿದವರಿಗೆ ಧಾರಾಳವಾಗಿ ಕೊಡಿ. ಹೆಸರುಗಳೂ ಮೊದಮೊದಲು ಗೋಜಲು, ಪುಸ್ತಕದ ಹಿಂದಿನ ಪುಟದಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡರೆ ಅನುಕೂಲ.

ಮೂರನೇ ಸೀಸನ್ 2026ರ ಅಕ್ಟೋಬರ್‌ಗೆ ಎಂದು ಘೋಷಣೆಯಾಗಿದೆ. ಐದನೇ ಸಂಪುಟದಲ್ಲಿ ಮಿಡತೆ ಹಾವಳಿಯ ಭಯ ಮೆಲ್ಲಗೆ ತಲೆ ಎತ್ತುತ್ತದೆ. ಅದನ್ನು ಪರದೆಗೆ ಹೇಗೆ ತರುತ್ತಾರೋ ನೋಡಬೇಕು. ಅಷ್ಟರಲ್ಲಿ ಆರನೆಯದನ್ನು ತರಿಸಿಕೊಳ್ಳುತ್ತೇನೆ.